ಕೀಲೆಣ್ಣೆಯ ವಿಚಾರ



ದಾವಣಗೆರೆಯ ಪೇಟೆಗೆ ಅರಳೆಯನ್ನೂ ಕಾಳುಕಡಿಯನ್ನೂ ಎತ್ತಿನ ಗಾಡಿಗಳೇ ತರುತ್ತಿದ್ದ ಕಾಲದಲ್ಲಿ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಅದರಲ್ಲಿದ್ದುದು ಕೀಲೆಣ್ಣೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಮಾಡಿದ ಕಪ್ಪು ಜಿಡ್ಡು. ಅಚ್ಚು ಒಣಗಿತೆಂದರೆ ಗಾಡಿ ಕಿರ್ರೆಂದು ಕೂಗುತ್ತಿತ್ತು. ಆ ಕೂಗು ಊರಿಗೆಲ್ಲ ಕೇಳುತ್ತಿದ್ದುದರಿಂದ ಎಂಥ ಸೋಮಾರಿಯಾದರೂ ನಾಚಿ, ಕೆಳಗಿಳಿದು, ಕೀಲು ತೆಗೆದು ಎಣ್ಣೆ ಹಾಕಲೇಬೇಕಾಗುತ್ತಿತ್ತು.

ಆ ಗಾಡಿಗಳ ಕೆಲಸವನ್ನು ಇಂದು ಪಿಕಪ್ ಎಂಬ ಸಣ್ಣ ಸರಕುಗಾಡಿ ಮಾಡುತ್ತಿದೆ. ಮೆಕ್ಕೆಜೋಳದ ಮೂಟೆ, ಭತ್ತದ ಚೀಲ, ತರಕಾರಿಯ ಬುಟ್ಟಿ, ಕಬ್ಬಿಣದ ಸಾಮಾನು, ಕೆಲವು ವೇಳೆ ಮದುವೆಯ ದಿಬ್ಬಣ, ಇವೆಲ್ಲಕ್ಕೂ ಅದೇ ವಾಹನ. ಅದನ್ನು ಕೊಂಡವರಲ್ಲಿ ಬಹುಮಂದಿ ಸಾಲ ಮಾಡಿಯೇ ಕೊಂಡವರು. ಗಾಡಿ ಓಡಿದರೆ ಕಂತು, ನಿಂತರೆ ಬಡ್ಡಿ. ಆದರೆ ಈ ಹೊಸ ಗಾಡಿಗೆ ಹಳೆಯದರ ಒಂದು ಗುಣವಿಲ್ಲ. ಅಚ್ಚಿನ ಎಣ್ಣೆ ಕೆಟ್ಟರೆ ಅದು ಒಡನೆಯೇ ಕೂಗುವುದಿಲ್ಲ. ಕೂಗುವ ಹೊತ್ತಿಗೆ ಒಳಗೆ ಆಗತಕ್ಕ ನಷ್ಟ ಆಗಿಹೋಗಿರುತ್ತದೆ. ಇಂದು ನಾವು ಹೇಳಬೇಕೆಂದಿರುವ ಮಾತಿನ ಸಾರವೆಲ್ಲ ಇಷ್ಟೆ. ಉಳಿದುದು ಇದರ ವಿವರಣೆ.

ಇಂಜಿನ್ನಿನ ಎಣ್ಣೆಯನ್ನು ಎಲ್ಲರೂ ಬಲ್ಲರು. ಅದನ್ನು ಅಳೆಯಲು ಕಡ್ಡಿಯುಂಟು, ಒತ್ತಡ ತಗ್ಗಿದರೆ ಎಚ್ಚರಿಸಲು ಕೆಂಪು ದೀಪವುಂಟು. ಆದರೆ ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಗೇರುಪೆಟ್ಟಿಗೆಗೂ, ಹಿಂದಿನ ಅಚ್ಚಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ, ಮೆಕ್ಯಾನಿಕ್ಕುಗಳು ಕ್ರೌನ್ ಎಂದು ಕರೆಯುವ ಭಾಗಕ್ಕೂ ಸಾಮಾನ್ಯವಾಗಿ ಇಂಥ ಅನುಕೂಲವಿಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹೆಸರನ್ನು ಕೇಳದವರು ಈ ಸೀಮೆಯಲ್ಲಿಲ್ಲ. ಆ ಕಾರ್ಖಾನೆ ಈಗ ನಡೆಯುತ್ತಿಲ್ಲವಾದರೂ ಲೇತ್ ಯಂತ್ರದ ಮುಂದೆ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡವರು ಊರಿನಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ನೋಡಬಹುದು: ಲೇತಿನ ಗೇರುಪೆಟ್ಟಿಗೆಗೆ ಒಂದು ಗಾಜಿನ ಕಣ್ಣಿರುತ್ತದೆ, ಬೆಳಗ್ಗೆ ಬಂದವನು ಮೊದಲು ಆ ಕಣ್ಣಿನಲ್ಲಿ ಎಣ್ಣೆಯ ಮಟ್ಟವನ್ನು ನೋಡಿ ಆಮೇಲೆ ಯಂತ್ರವನ್ನು ಚಾಲೂ ಮಾಡುತ್ತಾನೆ. ಪಿಕಪ್ಪಿನ ಅಚ್ಚಿಗೆ ಆ ಕಣ್ಣಿಲ್ಲ. ಆದುದರಿಂದ ಒಡೆಯನೇ ಅದರ ಕಣ್ಣಾಗಬೇಕು.

ಮೊದಲು ಎಣ್ಣೆಯ ಆಯ್ಕೆ. ಅಂಗಡಿಯಲ್ಲಿ “ತೊಂಬತ್ತು ನಂಬರು ಕೊಡಿ” ಎಂದು ಕೇಳುವುದು ರೂಢಿಯಾಗಿದೆ. ಈ ನಂಬರು ಎಣ್ಣೆಯ ಮಂದತ್ವವನ್ನು ತಿಳಿಸುತ್ತದೆಯೇ ಹೊರತು ಅದರ ಗುಣವನ್ನಲ್ಲ. ಇಂಜಿನ್ ಎಣ್ಣೆಯ ನಂಬರೂ ಗೇರು ಎಣ್ಣೆಯ ನಂಬರೂ ಬೇರೆ ಬೇರೆ ಅಳತೆಗೋಲಿನವು. 90ರ ಗೇರು ಎಣ್ಣೆಯು 40 ಅಥವಾ 50ರ ಇಂಜಿನ್ ಎಣ್ಣೆಗೆ ಹೆಚ್ಚುಕಡಮೆ ಸಮನಾದ ಮಂದವುಳ್ಳದ್ದು. ಎರಡರಷ್ಟು ಮಂದವೆಂದು ಎಣಿಸಬಾರದು. 80 ಡಬ್ಲ್ಯು 90 ಎಂಬಲ್ಲಿ ಡಬ್ಲ್ಯು ಅಕ್ಷರವು ಚಳಿಗಾಲದ ಗುರುತು. 80 ಎಂಬುದನ್ನು ಸೊನ್ನೆಗಿಂತ 26 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸಿ ನಿರ್ಣಯಿಸುತ್ತಾರೆ. ಅಂಥ ಚಳಿ ದಾವಣಗೆರೆಗೆ ಬರುವಂತಿಲ್ಲ. ನಮಗೆ ಮುಖ್ಯವಾದುದು ಬಿಸಿಯಲ್ಲಿ ಎಣ್ಣೆ ಹೇಗಿರುತ್ತದೆಂಬುದನ್ನು ಹೇಳುವ ಕೊನೆಯ ಅಂಕಿ.

ಹಾಗಾದರೆ ನಮ್ಮ ಬೇಸಗೆಗೆ 90ಕ್ಕಿಂತ 140 ಲೇಸಲ್ಲವೆ ಎಂದು ಕೇಳುವವರುಂಟು. ಅಚ್ಚಿಗೆ ಅದನ್ನೇ ಹಾಕಬೇಕೆಂದು ಗಾಡಿ ಮಾಡಿದವರು ಬರೆದಿದ್ದರೆ ಅದೇ ಸರಿ. ಬರೆದಿಲ್ಲದ ಕಡೆ ಹಾಕಿದರೆ ಹಲ್ಲುಗಳು ಮಂದವಾದ ಎಣ್ಣೆಯನ್ನು ಕಡೆಯುವುದರಲ್ಲಿಯೇ ಶಕ್ತಿ ವ್ಯಯವಾಗಿ, ಎಣ್ಣೆ ಇನ್ನಷ್ಟು ಕಾಯುತ್ತದೆ. ಇಕ್ಕಟ್ಟಾದ ಸಂದಿಗಳಿಗೆ ಅದು ಬೇಗ ಇಳಿಯುವುದಿಲ್ಲ. ಗೇರುಪೆಟ್ಟಿಗೆಯಲ್ಲಾದರೆ ಬೆಳಗಿನ ಹೊತ್ತು ಗೇರು ಬೀಳುವುದೇ ಕಷ್ಟವಾಗುತ್ತದೆ.

ನಂಬರಿಗಿಂತ ಮುಖ್ಯವಾದುದು ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿರುವ ಇನ್ನೊಂದು ಗುರುತು: ಜಿ.ಎಲ್. 4 ಅಥವಾ ಜಿ.ಎಲ್. 5. ಇದರ ಹಿಂದೆ ಒಂದು ಕಥೆಯಿದೆ. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪೆನಿಯವರು ತಮ್ಮ ಮೋಟಾರುಗಳ ಹಿಂದಿನ ಅಚ್ಚಿಗೆ ಹೈಪಾಯ್ಡ್ ಎಂಬ ಹೊಸ ಬಗೆಯ ಹಲ್ಲುಚಕ್ರಗಳನ್ನು ಹಾಕಿದರು. ಇದರಲ್ಲಿ ಚಿಕ್ಕ ಚಕ್ರವು ದೊಡ್ಡ ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಕೂಡುವುದರಿಂದ ಅಚ್ಚಿಗೆ ಹೋಗುವ ದಂಡವೂ ಕೆಳಗಿಳಿಯಿತು, ಸದ್ದೂ ತಗ್ಗಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಭಾರದ ಅಡಿಯಲ್ಲಿ ಜಾರಿ ಉಜ್ಜತೊಡಗಿದುವು. ಆ ಒತ್ತಡಕ್ಕೆ ಬರಿಯ ಎಣ್ಣೆಯ ಪೊರೆ ಹರಿದುಹೋಗುತ್ತಿತ್ತು. ಆದುದರಿಂದ ಗಂಧಕ, ರಂಜಕ ಮೊದಲಾದುವುಗಳಿಂದ ಮಾಡಿದ ಔಷಧವನ್ನು ಎಣ್ಣೆಗೆ ಬೆರೆಸಬೇಕಾಯಿತು. ಕಾವೇರಿದಾಗ ಈ ಔಷಧವು ಉಕ್ಕಿನೊಡನೆ ಸೇರಿ ಹಲ್ಲಿನ ಮೇಲೆ ತೆಳುವಾದ ಕವಚವನ್ನು ಕಟ್ಟುತ್ತದೆ. ಜಿ.ಎಲ್. 5ರಲ್ಲಿ ಈ ಔಷಧ ಹೆಚ್ಚು, ಜಿ.ಎಲ್. 4ರಲ್ಲಿ ಕಡಮೆ.

ಹೆಚ್ಚು ಔಷಧವಿದ್ದರೆ ಎಲ್ಲ ಕಡೆಗೂ ಹೆಚ್ಚು ಒಳ್ಳೆಯದೆಂದು ತಿಳಿಯಬಾರದು. ಗೇರುಪೆಟ್ಟಿಗೆಯಲ್ಲಿ ಹಲವು ವೇಳೆ ಹಿತ್ತಾಳೆಯ ಉಂಗುರಗಳಿರುತ್ತವೆ. ಗೇರು ಬದಲಿಸುವಾಗ ಎರಡು ಚಕ್ರಗಳ ವೇಗವನ್ನು ಹಿಡಿದು ಸಮ ಮಾಡುವುದು ಅವುಗಳ ಕೆಲಸ. ಹಿಡಿಯಬೇಕಾದರೆ ಸ್ವಲ್ಪ ಉಜ್ಜಾಟ ಬೇಕು. ಅತಿಯಾಗಿ ಜಾರುವ ಎಣ್ಣೆಯಲ್ಲಿ ಉಂಗುರವು ಹಿಡಿಯಲಾರದೆ ಗೇರು ಕರಕರನೆ ಅರೆಯುತ್ತದೆ. ಅಲ್ಲದೆ ಕೆಲವು ಎಣ್ಣೆಗಳಲ್ಲಿನ ಗಂಧಕ ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನುವುದೂ ಉಂಟು. ಆದುದರಿಂದ ಅಚ್ಚಿಗೆ ಹಾಕಿ ಉಳಿದ ಎಣ್ಣೆಯನ್ನು ವ್ಯರ್ಥವಾದೀತೆಂದು ಗೇರುಪೆಟ್ಟಿಗೆಗೆ ಸುರಿಯುವ ಮಿತವ್ಯಯವು ದುಬಾರಿಯ ಮಿತವ್ಯಯ. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಗಾಡಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯೂ ಮುಂದಿನ ಅಚ್ಚಿನ ಎಣ್ಣೆಯೂ ಬೇರೆ ಇರುತ್ತವೆ. ಇವಕ್ಕೆಲ್ಲ ಯಾವ ಎಣ್ಣೆ, ಎಷ್ಟು ಲೀಟರು ಎಂಬುದು ಗಾಡಿಯ ಜೊತೆಯಲ್ಲಿ ಬಂದ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ವಿಮೆಯ ಕಾಗದದೊಡನೆ ಕಟ್ಟಿಟ್ಟು ಮರೆಯುವುದೇ ನಮ್ಮವರ ವಾಡಿಕೆ.

ಈ ಮಾತನ್ನು ನಾವು ಪರರನ್ನು ಹಳಿಯಲು ಹೇಳುತ್ತಿಲ್ಲ. ನಮ್ಮ ಮನೆಯ ಗಾಡಿಯೇ ನಮಗೆ ಕಲಿಸಿದ ಪಾಠವಿದು. ಒಂದು ಮಳೆಗಾಲದಲ್ಲಿ ಹರಿಹರದ ಆಚೆ, ತುಂಗಭದ್ರೆಯ ಬಯಲಿನ ಒಂದು ಹಳ್ಳಿಯಿಂದ ಭತ್ತ ಹೇರಿಕೊಂಡು ಬರುವಾಗ ಹಳ್ಳದ ನೀರು ದಾರಿಯ ಮೇಲೆ ಹರಿಯುತ್ತಿತ್ತು. ಅಚ್ಚು ಮುಳುಗುವಷ್ಟು ನೀರಿನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಂತು ದಾಟಿತು. ಮನೆಗೆ ಬಂದು ಹೊರಗಣ ಕೆಸರನ್ನೆಲ್ಲ ತೊಳೆದೆವು, ಒಳಗನ್ನು ನೋಡಲಿಲ್ಲ. ಭಾರ ಎಳೆದು ಕಾದ ಅಚ್ಚು ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಣ ಗಾಳಿ ಕುಗ್ಗುತ್ತದೆ. ಉಸಿರಾಟಕ್ಕಾಗಿ ಇಟ್ಟಿರುವ ಸಣ್ಣ ಕೊಳವೆ ಮಣ್ಣಿನಿಂದ ಕಟ್ಟಿದ್ದರೆ ಸೀಲುಗಳ ಅಂಚಿನಿಂದ ನೀರನ್ನೇ ಹೀರಿಕೊಳ್ಳುತ್ತದೆ. ಇದು ನಮಗೆ ಆಗ ತಿಳಿದಿರಲಿಲ್ಲ. ಕೆಲವು ವಾರಗಳ ಮೇಲೆ ಹಿಂದಿನಿಂದ ದುಂಬಿ ಮೊರೆದಂತೆ ಸದ್ದು ಹುಟ್ಟಿತು. ಮೆಕ್ಯಾನಿಕ್ಕೊಬ್ಬರು ಸ್ವಲ್ಪ 140 ಸೇರಿಸಿದರು. ಸದ್ದು ಅಡಗಿತು, ನಮಗೂ ಸಮಾಧಾನವಾಯಿತು. ವ್ಯಾಧಿಯನ್ನು ಬಿಟ್ಟು ನರಳಾಟವನ್ನು ಮಾತ್ರ ನಿಲ್ಲಿಸಿದ ಚಿಕಿತ್ಸೆಯಾಗಿತ್ತು ಅದು. ಮೆಕ್ಕೆಜೋಳದ ಸುಗ್ಗಿಯ ನಡುವೆ, ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ಅಚ್ಚಿನ ಬೇರಿಂಗು ಪುಡಿಯಾಗಿ ಹಲ್ಲುಗಳು ಮುರಿದುವು. ಬಿಚ್ಚಿದಾಗ ಒಳಗಿಂದ ಬಂದದ್ದು ಎಣ್ಣೆಯಲ್ಲ, ಹಾಲು ಬೆರೆಸಿದ ಕಾಫಿಯಂಥ ಗಸಿ. ಗಾಡಿ ಹತ್ತು ದಿನ ನಿಂತಿತು. ಕಂತಿನ ದಿನ ಮಾತ್ರ ನಿಲ್ಲಲಿಲ್ಲ. ಕೆಲವೇ ಲೀಟರು ಎಣ್ಣೆಯಿಂದ ತಪ್ಪಿಸಬಹುದಾಗಿದ್ದ ನಷ್ಟವದು. ತಪ್ಪು ಆ ಮೆಕ್ಯಾನಿಕ್ಕರದಲ್ಲ. ನೀರು ಹೊಕ್ಕ ಸಂಗತಿಯನ್ನು ಹೇಳದ ನಮ್ಮದು.

ಇನ್ನು ಬದಲಿಸುವ ಕ್ರಮ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಅಷ್ಟು ದೂರ ಓಡಿಸಿದರೆ ಎಣ್ಣೆ ಬೆಚ್ಚಗಾಗಿ ಕೊಳೆಯೊಡನೆ ಸರಾಗವಾಗಿ ಇಳಿಯುತ್ತದೆ. ಆದರೆ ಕೈ ಸುಡುವಷ್ಟು ಕಾದಿರಬಾರದು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಬೇಕು. ಜಾಕಿಯೊಂದನ್ನೇ ನಂಬಿ ಯಾರೂ ಅಡಿಗೆ ನುಗ್ಗಕೂಡದು. ಆಮೇಲೆ ಮೊದಲು ಬಿಚ್ಚತಕ್ಕದ್ದು ಕೆಳಗಿನ ಬಿರಡೆಯಲ್ಲ, ಎಣ್ಣೆ ತುಂಬುವ ಮೇಲಿನ ಬಿರಡೆ. ಅದು ತುಕ್ಕು ಹಿಡಿದು ಬಿಚ್ಚಲು ಬಾರದೆ, ಕೆಳಗಿನಿಂದ ಎಣ್ಣೆಯೆಲ್ಲ ಇಳಿದುಹೋಗಿದ್ದರೆ, ಗಾಡಿ ಅಲ್ಲಿಂದ ಕದಲುವಂತಿಲ್ಲ.

ಇಳಿದ ಎಣ್ಣೆಯನ್ನು ವೈದ್ಯನು ನಾಡಿಯನ್ನು ನೋಡುವಂತೆ ನೋಡಬೇಕು. ಬಿರಡೆಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ನಯವಾದ ಬೂದುಬಣ್ಣದ ಹಿಟ್ಟು ಸಹಜವಾದ ಸವೆತ; ಚಕ್ಕೆಯಾಗಲಿ ಚೂರಾಗಲಿ ಇದ್ದರೆ ಒಳಗೆ ಕೇಡು ಹುಟ್ಟಿದೆ. ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಚಿನ್ನದಂತೆ ಮಿನುಗಿದರೆ ಹಿತ್ತಾಳೆಯ ಉಂಗುರಗಳು ಸವೆಯುತ್ತಿವೆ. ಹಾಲಿನಂತಿದ್ದರೆ ನೀರು ಹೊಕ್ಕಿದೆ. ಬಳಿಕ ಬಿರಡೆಯನ್ನು ಒರೆಸಿ, ಹೊಸ ವಾಷರು ಹಾಕಿ ಬಿಗಿದು, ಹೊಸ ಎಣ್ಣೆಯನ್ನು ತುಂಬಬೇಕು. ಸಾಮಾನ್ಯವಾಗಿ ಮೇಲಿನ ತೂತಿನ ಅಂಚಿಗೆ ಎಣ್ಣೆ ಬಂದು ನಿಲ್ಲುವುದೇ ಸರಿಯಾದ ಮಟ್ಟ. ಅದಕ್ಕಿಂತ ಹೆಚ್ಚು ಹಾಕಿದರೆ ನೊರೆಯೆದ್ದು, ಸೀಲನ್ನು ದಾಟಿ, ಹಿಂದಿನ ಬ್ರೇಕಿನ ಪಟ್ಟಿಗೆ ಹರಿದೀತು. ಹೇರು ತುಂಬಿದ ಗಾಡಿಯ ಬ್ರೇಕು ಜಾರಿದರೆ ಹೋಗುವುದು ಹಣವಲ್ಲ, ಪ್ರಾಣ.

ಎಷ್ಟು ಕಾಲಕ್ಕೊಮ್ಮೆ ಎಂದರೆ, ಪುಸ್ತಕದಲ್ಲಿ ಕಿಲೋಮೀಟರಿನ ಲೆಕ್ಕವಿರುತ್ತದೆ. ಧೂಳಿನ ದಾರಿಯಲ್ಲಿ ತುಂಬು ಹೇರಿನೊಡನೆ ದುಡಿಯುವ ಗಾಡಿಗೆ ಅದಕ್ಕಿಂತ ಬೇಗನೆ ಬದಲಿಸುವುದು ಯುಕ್ತ. ಇಂಜಿನ್ ಎಣ್ಣೆಯನ್ನು ಬದಲಿಸಿದಾಗಲೆಲ್ಲ ಮೇಲಿನ ಬಿರಡೆಯನ್ನು ತೆಗೆದು ಮಟ್ಟವನ್ನು ನೋಡಬೇಕು; ಉಸಿರಿನ ಕೊಳವೆಯನ್ನು ಶುಚಿ ಮಾಡಬೇಕು. ಅಚ್ಚು ನೀರಿನಲ್ಲಿ ಮುಳುಗಿದ ದಿನವಾದರೆ ಯಾವ ಲೆಕ್ಕವನ್ನೂ ನೋಡದೆ ಎಣ್ಣೆಯನ್ನು ಪರೀಕ್ಷಿಸತಕ್ಕದ್ದು.

ಕೊನೆಯದಾಗಿ ತೆಗೆದ ಎಣ್ಣೆಯ ಮಾತು. ಅದನ್ನು ಚರಂಡಿಗೆ ಚೆಲ್ಲುವವರುಂಟು. ಚರಂಡಿಗೆ ಬಿದ್ದುದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ಆ ಹೊಳೆಯ ನೀರನ್ನೇ ನಾವು ಕುಡಿಯುತ್ತೇವೆ. ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಶುದ್ಧಿ ಮಾಡಲು ಅನುಮತಿ ಪಡೆದವರಿಗೆ ತಲಪಿಸುವುದು ಮರ್ಯಾದೆ. ಖಾಲಿಯಾದ ಹೊಸ ಡಬ್ಬವನ್ನೂ ತೂತು ಮಾಡಿಯೇ ಎಸೆಯಬೇಕು. ಇಲ್ಲವಾದರೆ ನಕಲಿ ಎಣ್ಣೆ ತುಂಬಿಕೊಂಡು ಅದೇ ಡಬ್ಬ ನಮ್ಮ ಮನೆಗೇ ಮರಳಿ ಬಂದೀತು.

ಎತ್ತಿನ ಗಾಡಿಯ ಅಡಿಯಲ್ಲಿದ್ದ ಗೊಟ್ಟ ಈಗ ಕಾಣದು. ಆದರೆ ಇಳಿದು ನೋಡುವ ಆ ಅಭ್ಯಾಸವನ್ನು ನಾವು ಕಳೆದುಕೊಳ್ಳಬೇಕಾಗಿಲ್ಲ. ಕೂಗದ ಗಾಡಿಯ ಒಡೆಯನು ಕೂಗಿಗಾಗಿ ಕಾಯಲಾಗದು.