ಪರದೇಶದ ನೆಲ: ಕಾಗದಕ್ಕಿಂತ ಮೊದಲು ಹಕ್ಕನ್ನು ನೋಡಿ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಹಾಗೂ ಸಹಾಬಿಗಳ ಮೇಲೂ ಅಲ್ಲಾಹನ ಕರುಣೆ ಮತ್ತು ಶಾಂತಿ ಇರಲಿ.

ಆದರಣೀಯ ಸಹೋದರರೇ, ಹಿಂದೆ ನಮ್ಮ ಯುವಕರು ದುಡಿಮೆಗೆಂದು ಹೋಗುತ್ತಿದ್ದುದು ಹೆಚ್ಚಾಗಿ ಕೊಲ್ಲಿ ರಾಷ್ಟ್ರಗಳಿಗೆ. ಈಗ ಕೆಲವರು ಪೂರ್ವ ಆಫ್ರಿಕಾದ ಮೊಂಬಾಸ, ನೈರೋಬಿ, ದಾರ್ ಎಸ್ ಸಲಾಮ್‌ಗಳಲ್ಲೂ ಇದ್ದಾರೆ. ನಾಲ್ಕು ಕಾಸು ಕೂಡಿದ ಮೇಲೆ ಅಲ್ಲಿಯೇ ಒಂದು ಮನೆ, ಒಂದು ಪ್ಲಾಟ್ ಮಾಡಿಕೊಳ್ಳಬೇಕೆಂಬ ಆಸೆ ಸಹಜ. ಹಾಗೆ ಬಂದ ಒಂದು ಪ್ರಶ್ನೆ ಹೀಗಿದೆ: “ಉಸ್ತಾದ್, ಸಮುದ್ರದ ಬದಿಯಲ್ಲಿ ಒಳ್ಳೆಯ ಜಾಗ ಇದೆ. ವಿದೇಶಿಯರ ಹೆಸರಿಗೆ ಪೂರ್ತಿ ಒಡೆತನ ಕೊಡುವುದಿಲ್ಲವಂತೆ. ಇಲ್ಲಿಯ ಪರಿಚಯದವರೊಬ್ಬರ ಹೆಸರಿನಲ್ಲಿ ತೆಗೆದುಕೊಳ್ಳಬಹುದೇ?” ಇದು ಬರೇ ವಕೀಲರು ಉತ್ತರಿಸಬೇಕಾದ ಪ್ರಶ್ನೆಯಲ್ಲ. ಇದರಲ್ಲಿ ನಮ್ಮ ದೀನಿನ ವಿಷಯವೂ ಇದೆ.

ಉತ್ತರಕ್ಕೆ ಮೊದಲು ಮದೀನಾದ ಒಂದು ತುಂಡು ನೆಲವನ್ನು ನೆನಪಿಸೋಣ. ಹಿಜ್ರಾ ಮಾಡಿ ಬಂದಾಗ ಪ್ರವಾದಿ(ಸ)ರು ಆ ಊರಿಗೆ ಹೊರಗಿನವರು. ಅವರ ಒಂಟೆ ಮಂಡಿಯೂರಿದ ಜಾಗ ಖರ್ಜೂರ ಒಣಗಿಸುವ ಕಣವಾಗಿತ್ತು. ಅದು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಹುಡುಗರದ್ದು. ಮಸೀದಿಗಾಗಿ ಬೆಲೆ ಕೇಳಿದಾಗ ಹುಡುಗರು ದಾನವಾಗಿಯೇ ಕೊಡಲು ಮುಂದಾದರು. ಪ್ರವಾದಿ(ಸ)ರು ಒಪ್ಪಲಿಲ್ಲ. ಬೆಲೆ ಕೊಟ್ಟು ಕೊಂಡ ಮೇಲೆಯೇ ಅಲ್ಲಿ ಮಸ್ಜಿದುನ್ನಬವಿ ಎದ್ದಿತು. ಸಹೀಹ್ ಬುಖಾರಿಯಲ್ಲಿ ಈ ಘಟನೆ ಬಂದಿದೆ. ಇಡೀ ಊರು ಪ್ರೀತಿಯಿಂದ ಬರಮಾಡಿಕೊಂಡಿದ್ದರೂ ಅವರು ಒಡೆಯರು ಯಾರೆಂದು ತಿಳಿದುಕೊಂಡರು, ಅವರೊಡನೆಯೇ ಮಾತಾಡಿದರು, ಬೆಲೆ ಕೊಟ್ಟರು. ಪರಊರಿನಲ್ಲಿ ನೆಲ ಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಮಾದರಿ ಬೇರೆ ಬೇಕೇ?

ಇನ್ನು ಆ ನಾಡುಗಳ ಕಾನೂನು. ಕೀನ್ಯಾದ 2010ರ ಸಂವಿಧಾನದ 65ನೇ ವಿಧಿಯಂತೆ, ಆ ದೇಶದ ಪೌರನಲ್ಲದವನು ಗುತ್ತಿಗೆಯ ಮೇಲೆ ಮಾತ್ರ ನೆಲ ಹೊಂದಬಹುದು. ಅದೂ 99 ವರ್ಷ ಮೀರದಂತೆ. ಪತ್ರದಲ್ಲಿ ಶಾಶ್ವತ ಒಡೆತನವೆಂದು ಬರೆಸಿಕೊಂಡರೂ ಅದು 99 ವರ್ಷದ ಗುತ್ತಿಗೆಯೆಂದೇ ಲೆಕ್ಕ. ಕಂಪೆನಿ ಮಾಡಿ ದಾಟಿಕೊಳ್ಳಬಹುದೆಂದು ಹೇಳುವ ದಲ್ಲಾಳಿಗಳಿದ್ದಾರೆ. ಆದರೆ ಕಂಪೆನಿಯು ಪೂರ್ತಿಯಾಗಿ ಕೀನ್ಯಾದ ಪೌರರದ್ದೇ ಆಗಿದ್ದರೆ ಮಾತ್ರ ಸಂವಿಧಾನ ಅದನ್ನು ಪೌರನೆಂದು ಪರಿಗಣಿಸುತ್ತದೆ. ಕೃಷಿಭೂಮಿಯ ಮಾರಾಟಕ್ಕೆ ಲ್ಯಾಂಡ್ ಕಂಟ್ರೋಲ್ ಬೋರ್ಡಿನ ಒಪ್ಪಿಗೆ ಬೇಕು. ರಾಷ್ಟ್ರಾಧ್ಯಕ್ಷರ ವಿಶೇಷ ವಿನಾಯಿತಿ ಇಲ್ಲದೆ ವಿದೇಶಿಯರಿಗೆ ಆ ಒಪ್ಪಿಗೆ ಸಿಗುವುದಿಲ್ಲ.

ತಾಂಜಾನಿಯದಲ್ಲಿ ನೆಲವೆಲ್ಲ ಸಾರ್ವಜನಿಕ ಸ್ವತ್ತು. ಜನರ ಪರವಾಗಿ ರಾಷ್ಟ್ರಾಧ್ಯಕ್ಷರು ಅದರ ಟ್ರಸ್ಟಿ. ಅಲ್ಲಿಯ ಪೌರನಿಗೂ ಸಿಗುವುದು ನೆಲವನ್ನು ಅನುಭವಿಸುವ ಹಕ್ಕು. 1999ರ ಭೂ ಕಾಯ್ದೆಯಂತೆ ವಿದೇಶಿಯರಿಗೆ ನೆಲ ದೊರೆಯುವುದು ಹೂಡಿಕೆಯ ಉದ್ದೇಶಕ್ಕೆ ಮಾತ್ರ.

ಹೀಗೆ ಕಾನೂನು ತೆರೆದಿಟ್ಟಿರುವ ದಾರಿಯಲ್ಲಿ ಕೊಂಡರೆ ಯಾವ ಅಡ್ಡಿಯೂ ಇಲ್ಲ. ಅವಧಿ ಮತ್ತು ಬಾಡಿಗೆ ಸ್ಪಷ್ಟವಾಗಿರುವ ಗುತ್ತಿಗೆಯನ್ನು ನಮ್ಮ ಫಿಕ್ಹ್‌ನಲ್ಲಿ ಇಜಾರಾ ಎನ್ನುತ್ತಾರೆ. ಅದು ಹಲಾಲ್. 99 ವರ್ಷ ಕಡಿಮೆಯಾಯಿತೆಂದು ದುಃಖಿಸುವವರು ಒಮ್ಮೆ ಯೋಚಿಸಲಿ, ನಮ್ಮಲ್ಲಿ ಎಷ್ಟು ಮಂದಿಗೆ ಅಷ್ಟು ಆಯುಸ್ಸು ಇದೆ?

ಆದರೆ ಬೇರೊಬ್ಬರ ಹೆಸರಿನಲ್ಲಿ ಕೊಳ್ಳುವುದು, ಅಂದರೆ ಬೇನಾಮಿ, ಬೇರೆಯೇ ವಿಷಯ. ವೀಸಾ ಪಡೆದು ಒಂದು ದೇಶಕ್ಕೆ ಕಾಲಿಟ್ಟವನು ಅಲ್ಲಿಯ ಕಾನೂನು ಪಾಲಿಸುತ್ತೇನೆಂದು ಕರಾರು ಮಾಡಿಕೊಂಡಂತೆ. ಕರಾರುಗಳನ್ನು ಪೂರೈಸಬೇಕೆಂಬುದು ಸೂರಃ ಅಲ್ ಮಾಇದಃದ ಮೊದಲ ಆದೇಶ. ಇಸ್ಲಾಮಿನ ಮೊದಲ ಹಿಜ್ರಾ ಆದದ್ದು ಆಫ್ರಿಕಾದ ಹಬಶಾಕ್ಕೆ. ಅಲ್ಲಿಯ ಕ್ರೈಸ್ತ ದೊರೆ ನಜ್ಜಾಶಿಯ ಮುಂದೆ ಜಅ್‌ಫರ್(ರ)ರು ಜೀವಕ್ಕೆ ಅಪಾಯವಿದ್ದರೂ ಸತ್ಯವನ್ನು ಬಚ್ಚಿಡಲಿಲ್ಲ. ಆಶ್ರಯ ಕೊಟ್ಟ ನಾಡಿನಲ್ಲಿ ಮುಸ್ಲಿಮನ ನಡತೆ ಹಾಗಿರಬೇಕು.

ಲೋಕದ ಲೆಕ್ಕದಲ್ಲೂ ಬೇನಾಮಿ ನಷ್ಟದ ದಾರಿಯೇ. ಹಣ ನಿಮ್ಮದು, ಹೆಸರು ಅವನದು. ನಾಳೆ ಅವನು ತೀರಿಕೊಂಡರೆ ಆ ಜಾಗ ಅವನ ಮಕ್ಕಳ ಪಾಲಿಗೆ ಹೋಗುತ್ತದೆ. ನೀವು ತೀರಿಕೊಂಡರೆ ಊರಿನಲ್ಲಿರುವ ನಿಮ್ಮ ಹೆಂಡತಿ ಮಕ್ಕಳು ಯಾವ ಕಾಗದ ಹಿಡಿದು ಯಾರ ಮುಂದೆ ನಿಲ್ಲಬೇಕು? ಒಬ್ಬ ಒಳ್ಳೆಯ ಮನುಷ್ಯನನ್ನು ದುರಾಸೆಗೆ ನೂಕಿದ ಪಾಪವೂ ನಿಮ್ಮ ತಲೆಗೆ. ಇನ್ನೂ ಕೆಟ್ಟದ್ದು, ಜಾಗದ ಪತ್ರಕ್ಕಾಗಿಯೇ ಅಲ್ಲಿಯ ಹೆಣ್ಣುಮಗಳನ್ನು ನಿಕಾಹ್ ಮಾಡಿಕೊಂಡು ಕೆಲಸ ಮುಗಿದ ಮೇಲೆ ಕೈಬಿಡುವುದು. ನಿಕಾಹ್ ಬಲವಾದ ಕರಾರು. ಅದನ್ನು ಜಮೀನಿನ ದಲ್ಲಾಳಿತನಕ್ಕೆ ಇಳಿಸಬೇಡಿ.

ಸಹೋದರರೇ, ಹೆಸರು ಸರಿಯಾಗಿದ್ದರೆ ಸಾಲದು, ನೆಲದ ಮೂಲವೂ ಸರಿಯಾಗಿರಬೇಕು. ಕೀನ್ಯಾದಲ್ಲಿ ಸಾರ್ವಜನಿಕ ಜಮೀನುಗಳನ್ನು ಅಕ್ರಮವಾಗಿ ಹಂಚಿದ್ದು ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಸರ್ಕಾರವೇ ನೇಮಿಸಿದ ಎನ್‌ಡುಂಗು ಆಯೋಗ 2004ರಲ್ಲಿ ವರದಿ ಮಾಡಿತು. ಮೊಂಬಾಸದ ನ್ಯಾಲಿ ಕಡಲತೀರದ ಒಂದು ಜಾಗದ ಬಗ್ಗೆ ಡೈನಾ ಮ್ಯಾನೇಜ್‌ಮೆಂಟ್ ಎಂಬ ಕಂಪೆನಿಗೂ ಅಲ್ಲಿಯ ಕೌಂಟಿ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಕೀನ್ಯಾದ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿತು. ಮೊದಲ ಹಂಚಿಕೆಯೇ ಕಾನೂನು ಮೀರಿದ್ದಾದರೆ, ಆಮೇಲೆ ಹಣ ಕೊಟ್ಟು ಕೊಂಡವನ ಕೈಯಲ್ಲಿರುವ ಹಕ್ಕುಪತ್ರ ಅವನನ್ನು ಕಾಯುವುದಿಲ್ಲ ಎಂಬುದು ಅದರ ತಾತ್ಪರ್ಯ.

ನಮಗೆ ಇದು ಹೊಸ ಮಾತಲ್ಲ. ವಾದದಲ್ಲಿ ಚತುರನಾದವನಿಗೆ ನನ್ನ ತೀರ್ಪಿನಿಂದ ತನ್ನ ಸಹೋದರನ ಹಕ್ಕು ಸಿಕ್ಕಿದರೂ ಅದು ಅವನ ಪಾಲಿಗೆ ಬೆಂಕಿಯ ತುಂಡು ಎಂಬ ಆಶಯದ ಎಚ್ಚರಿಕೆಯನ್ನು ಪ್ರವಾದಿ(ಸ)ರು ನೀಡಿದ್ದಾರೆ. ಗೇಣು ನೆಲವನ್ನು ಅನ್ಯಾಯವಾಗಿ ಕಸಿದವನ ಕೊರಳಿಗೆ ಅಂತ್ಯದಿನ ಏಳು ಭೂಮಿಗಳ ನೊಗ ಬೀಳುವುದೆಂದೂ ತಿಳಿಸಿದ್ದಾರೆ. ಎರಡೂ ಹದೀಸ್‌ಗಳು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿವೆ. ನ್ಯಾಯಾಲಯ ಬಿಟ್ಟರೂ ಅಲ್ಲಾಹನು ಬಿಡುವುದಿಲ್ಲ.

ಮೊಂಬಾಸದ ಕರಾವಳಿಯಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಬ್ರಿಟಿಷರ ಕಾಲದಲ್ಲಿ, 1908ರಲ್ಲಿ, ಆ ತೀರದ ನೆಲಕ್ಕೆ ಹಕ್ಕು ಹೇಳಿಕೊಂಡು ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ಬಂತು. ಗೊತ್ತಿದ್ದವರು ನೋಂದಾಯಿಸಿಕೊಂಡರು. ಮಿಜಿಕೆಂಡ ಮುಂತಾದ ಸ್ಥಳೀಯ ಜನರಲ್ಲಿ ಬಹಳಷ್ಟು ಮಂದಿ ಹೊರಗುಳಿದರು. ಅವರ ಮೊಮ್ಮಕ್ಕಳನ್ನು ಇಂದು ಅಜ್ಜನ ನೆಲದಲ್ಲೇ ಒತ್ತುವರಿದಾರರೆಂದು ಕರೆಯಲಾಗುತ್ತಿದೆ. ಹಳೆಯ ಮೊಹಲ್ಲಾಗಳಲ್ಲಿ ಮನೆ ಒಬ್ಬರದು, ಕೆಳಗಿನ ನೆಲ ಇನ್ನೊಬ್ಬರದು ಎಂಬ ಪದ್ಧತಿಯೂ ಇದೆ. ನೆಲ ಕೊಂಡವನು ಮರುದಿನವೇ ಮನೆಯವರನ್ನು ಹೊರಗೆ ಹಾಕಿಸಿದರೆ ಆ ಮಕ್ಕಳ ಕಣ್ಣೀರಿಗೆ ಯಾರು ಉತ್ತರ ಕೊಡಬೇಕು? ಅಲ್ಲಿ ವಕ್ಫ್ ಜಾಗಗಳೂ ಇವೆ, ನೋಡಿಕೊಳ್ಳಲು ವಕ್ಫ್ ಕಮಿಷನ್ ಇದೆ. ವಕ್ಫ್ ಜಾಗವನ್ನು ಯಾರೋ ತನ್ನದೆಂದು ಅಗ್ಗಕ್ಕೆ ಮಾರಿದರೂ ಅದು ಅಲ್ಲಾಹನ ಹೆಸರಿನಲ್ಲಿ ಬಿಟ್ಟದ್ದೇ.

ಆದ್ದರಿಂದ ಮುಂಗಡ ಕೊಡುವ ಮೊದಲು ಈ ಕೆಲಸಗಳನ್ನು ಮಾಡಿ. ನಮ್ಮೂರಿನಲ್ಲಿ ಪಹಣಿ, ಇ.ಸಿ. ತೆಗೆಸುವಂತೆ ಅಲ್ಲಿಯ ಭೂದಾಖಲೆ ಕಚೇರಿಯಲ್ಲಿ ಅಧಿಕೃತ ಸರ್ಚ್ ಮಾಡಿಸಿ ಒಡೆಯ ಯಾರು, ಅಡಮಾನ ಇದೆಯೇ ಎಂದು ನೋಡಿ. ಈ ಜಾಗ ಮೊಟ್ಟಮೊದಲು ಯಾರಿಗೆ, ಹೇಗೆ ಮಂಜೂರಾಯಿತು ಎಂಬಲ್ಲಿಯವರೆಗೆ ವಕೀಲರಿಂದ ಕೆದಕಿಸಿ. ಸರ್ವೇಯರನ್ನು ಕರೆದುಕೊಂಡು ಹೋಗಿ ಗಡಿಕಲ್ಲು ನೋಡಿ, ನೆರೆಯವರನ್ನು ಮಾತಾಡಿಸಿ, ಅಲ್ಲಿ ಯಾರು ವಾಸವಿದ್ದಾರೆ, ಯಾರು ಬೆಳೆ ಇಟ್ಟಿದ್ದಾರೆ ಎಂದು ಕೇಳಿ. ಮಾರುವವನ ಹೆಂಡತಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ತೀರಿಕೊಂಡವರ ಆಸ್ತಿಯಾದರೆ ವಾರೀಸುದಾರರ ಹೆಸರಿಗೆ ಆಗುವ ತನಕ ಕಾಯಿರಿ, ಸಹೋದರಿಯರ ಪಾಲು ಸೇರಿದೆಯೇ ಎಂದು ವಿಚಾರಿಸಿ. ಅಲ್ಲಿ ಮುಸ್ಲಿಮರ ವಾರೀಸು ವ್ಯಾಜ್ಯಗಳಿಗೆ ಸಂವಿಧಾನವೇ ಮಾನ್ಯ ಮಾಡಿದ ಖಾಝಿ ನ್ಯಾಯಾಲಯಗಳಿವೆ.

ನಿಮ್ಮ ವಕೀಲರು ನಿಮ್ಮವರೇ ಆಗಿರಲಿ, ಮಾರುವವನ ವಕೀಲರಲ್ಲ. ಸ್ಟ್ಯಾಂಪ್ ಡ್ಯೂಟಿ ಪಟ್ಟಣದಲ್ಲಿ ಶೇ. 4, ಹಳ್ಳಿಯಲ್ಲಿ ಶೇ. 2. ಅದನ್ನು ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಬರೆಸುವುದು ಸುಳ್ಳು ಸಾಕ್ಷಿಗೆ ಸಮಾನ. ಊರಿನಲ್ಲಿರುವವರು ಹಣ ಕಳಿಸುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್‌ವರೆಗೆ ಅವಕಾಶವಿದೆ. ಬ್ಯಾಂಕಿನ ಮೂಲಕವೇ ಕಳಿಸಿ, ಹವಾಲಾದ ಸಹವಾಸ ಬೇಡ.

ಎಲ್ಲವನ್ನೂ ಬರೆದಿಡಿ. ಸಾಲದ ವ್ಯವಹಾರವನ್ನು ಬರೆದು ಸಾಕ್ಷಿಗಳನ್ನು ಇರಿಸಬೇಕೆಂದು ಸೂರಃ ಅಲ್ ಬಕರಃದ 282ನೇ ಆಯತ್ ಆದೇಶಿಸುತ್ತದೆ. ಪತ್ರದ ಪ್ರತಿಯೊಂದು ಊರಿನ ಮನೆಯಲ್ಲಿರಲಿ. ಹೆಂಡತಿಗೆ, ದೊಡ್ಡ ಮಕ್ಕಳಿಗೆ ವಿಷಯ ತಿಳಿದಿರಲಿ. ಮನೆಯವರಿಗೆ ಗೊತ್ತಿಲ್ಲದ ಆಸ್ತಿ ಅವರಿಗೆ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ವಿಚಾರಿಸಿದ ಮೇಲೆ ಒಂದು ಸಣ್ಣ ಸಂಶಯ ಉಳಿದರೂ ಆ ಜಾಗ ಬಿಟ್ಟುಬಿಡಿ. ಬಿಟ್ಟ ಜಾಗಕ್ಕಿಂತ ಉತ್ತಮವಾದುದನ್ನು ಕೊಡಲು ಅಲ್ಲಾಹನು ಸಮರ್ಥನು. ಕೊನೆಗೆ ನಮ್ಮಲ್ಲಿ ಪ್ರತಿಯೊಬ್ಬನಿಗೂ ಸಿಗುವುದು ಆರಡಿ ನೆಲ. ಅದರೊಳಗೆ ಇನ್ನೊಬ್ಬರ ಗೇಣು ನೆಲವನ್ನು ಹೊತ್ತುಕೊಂಡು ಇಳಿಯುವಂತಾಗಬಾರದು.

ಅಲ್ಲಾಹನು ನಮ್ಮ ದುಡಿಮೆಯಲ್ಲೂ ಮನೆಯಲ್ಲೂ ಬರಕತ್ ನೀಡಲಿ. ಪರದೇಶದಲ್ಲಿರುವ ನಮ್ಮ ಮಕ್ಕಳನ್ನು ಹರಾಮಿನಿಂದ ಕಾಪಾಡಲಿ. ಅವರು ಇರುವ ನಾಡಿನ ಜನರಿಗೆ ಅವರಿಂದ ಒಳಿತನ್ನೇ ಉಂಟುಮಾಡಲಿ. ಆಮೀನ್.