ಗುರಿಯ ಕೆಳಗಿನ ಗುರಿ

(ನಮ್ಮ ಕನ್ನಡ ಕೂಟದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಕೂಟದ ಸಭೆಗಳಲ್ಲಿ ಡಾಕ್ಟರುಗಳ ಕೈಗೆ ಮೈಕು ಕೊಟ್ಟರೆ ವಿಷಯ ಸಕ್ಕರೆ ಕಾಯಿಲೆ, ಇಲ್ಲವೇ ರಕ್ತದೊತ್ತಡ ಎಂದು ನಿಶ್ಚಯವಾಗಿಬಿಟ್ಟಿದೆ. ಊಟಕ್ಕೆ ಮುಂಚೆ ಜಿಲೇಬಿಯ ವಿರುದ್ಧ ಭಾಷಣ ಬಿಗಿದು, ಆಮೇಲೆ ಅದೇ ಜಿಲೇಬಿಗಾಗಿ ಸಾಲಿನಲ್ಲಿ ನಿಲ್ಲುವ ಸಂಕಟ ಈ ವರ್ಷ ಬೇಡವೆಂದು ಬೇಡಿಕೊಂಡೆವು. ಸಮಿತಿಯವರು ದೊಡ್ಡ ಮನಸ್ಸು ಮಾಡಿ, "ಹಾಗಾದರೆ ನಿಮ್ಮ ಬಿಲ್ಲುಬಾಣದ ಹುಚ್ಚಿನ ಬಗ್ಗೆಯೇ ಹೇಳಿ" ಎಂದರು.

ನಾವು ಎಂದರೆ ಈ ಊರಿನ ನಾಲ್ಕು ಮನೆಯವರು. ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಬಿಲ್ಲುಗಾರಿಕೆಯ ಶಿಬಿರಕ್ಕೆ ಸೇರಿಸಿದೆವು. ಮಕ್ಕಳು ಎರಡು ತಿಂಗಳಲ್ಲಿ ಸಾಕು ಮಾಡಿ ಬ್ಯಾಸ್ಕೆಟ್‌ಬಾಲಿಗೆ ಹೋದರು. ಅಪ್ಪ ಅಮ್ಮಂದಿರು ಅಲ್ಲೇ ಉಳಿದೆವು. ನಮ್ಮದು ಹಳೆಯ ಕ್ರಮದ ಬಿಲ್ಲು. ಗಾಲಿಗಳಿಲ್ಲ, ಮಸೂರವಿಲ್ಲ, ಗುರಿ ತೋರಿಸುವ ಕಡ್ಡಿಯೂ ಇಲ್ಲ. ಒಂದು ಬಾಗಿದ ಮರ, ಒಂದು ಹೆದೆ, ಉಳಿದದ್ದು ನಾವು ಮತ್ತು ನಮ್ಮ ಕಣ್ಣು.

ಮೊದಲ ಎರಡು ವರ್ಷ ನಾವು ಹೊಡೆದದ್ದು ಅಂದಾಜಿನಿಂದ. ಇಲ್ಲಿಯವರು ಇದನ್ನು ಇನ್‌ಸ್ಟಿಂಕ್ಟಿವ್ ಶೂಟಿಂಗ್ ಎನ್ನುತ್ತಾರೆ. ಗುರಿಯನ್ನು ದಿಟ್ಟಿಸಿ ನೋಡು, ಬಾಣವನ್ನು ಮರೆತುಬಿಡು, ಕೈ ತಾನೇ ಕಲಿಯುತ್ತದೆ ಎಂಬುದು ಇದರ ತತ್ವ. ಇದು ಕೀಳು ವಿದ್ಯೆಯೆಂದು ಯಾರೂ ತಿಳಿಯಬೇಡಿ. ಊರಿನಲ್ಲಿ ಕಲ್ಲೆಸೆದು ಮಾವಿನಕಾಯಿ ಉದುರಿಸಿದಾಗ ನಾವೇನು ಲೆಕ್ಕ ಹಾಕಿದ್ದೆವೆ? ಇದು ನಮಗೆ ಬಹಳ ಹಿಡಿಸಿತು. ಕಾರಣ ನೀವು ಊಹಿಸಬಲ್ಲಿರಿ: ಅರ್ಜುನ. ಮರವೂ ಕಾಣದೆ, ಕೊಂಬೆಯೂ ಕಾಣದೆ, ದ್ರೋಣರ ಪ್ರಶ್ನೆಗೆ ಹಕ್ಕಿಯ ತಲೆ ಮಾತ್ರ ಕಾಣುತ್ತದೆ ಎಂದವನು. ಕ್ಲಬ್ಬಿನ ಅಮೆರಿಕನ್ ಗೆಳೆಯರಿಗೆ ಈ ಕಥೆಯನ್ನು ನಾವು ಎಷ್ಟು ಸಲ ಹೇಳಿದ್ದೇವೆಂದರೆ, ನಾವು ಬಾಯಿ ತೆರೆಯುವ ಮುಂಚೆಯೇ ಅವರು "ಬರ್ಡ್ಸ್ ಹೆಡ್" ಎಂದು ಮುಗಿಸುತ್ತಿದ್ದರು.

ಹದಿನೈದು ಗಜದ ದೂರದಲ್ಲಿ, ಅದೇ ಮೆದೆಗೆ, ವಾರ ವಾರವೂ ಬಾಣ ಬಿಡುತ್ತಿದ್ದಾಗ ಎಲ್ಲವೂ ಚೆನ್ನಾಗಿಯೇ ಇತ್ತು.

ಹೋದ ವರ್ಷವಲ್ಲ, ಅದಕ್ಕೆ ಹಿಂದಿನ ವರ್ಷ, ಎಲೆ ಕೆಂಪಾಗುವ ಕಾಲದಲ್ಲಿ ಕ್ಲಬ್ಬಿನವರ ಕಾಡಿಗೆ ಹೋದೆವು. ಅಲ್ಲಿ ಮರಗಳ ನಡುವೆ ಗಟ್ಟಿ ನೊರೆಯಿಂದ ಮಾಡಿದ ಜಿಂಕೆ, ಕರಡಿ, ಕಾಡುಕೋಳಿಗಳನ್ನು ನಿಲ್ಲಿಸಿರುತ್ತಾರೆ. ಎಷ್ಟು ದೂರ ಎಂದು ಯಾರೂ ಹೇಳುವುದಿಲ್ಲ. ಒಂದು ದಿಬ್ಬದ ಮೇಲ್ಭಾಗದಲ್ಲಿ ಜಿಂಕೆ ನಿಂತಿತ್ತು. ನೆರಳಿನಲ್ಲಿ ಬಹಳ ದೂರವಿದ್ದಂತೆ ಕಂಡಿತು. ನಮ್ಮಲ್ಲೊಬ್ಬರು ಬಾಣ ಬಿಟ್ಟರು. ಯಾರೆಂದು ಹೇಳುವುದಿಲ್ಲ, ಆದರೆ ಅವರು ಈಗ ಈ ಮೈಕಿನಿಂದ ದೂರವಿಲ್ಲ. ಬಾಣ ಜಿಂಕೆಯ ಬೆನ್ನಿನ ಮೇಲೆ ಹಾರಿ, ದಿಬ್ಬದ ನೆತ್ತಿ ದಾಟಿ ಮಾಯವಾಯಿತು.

ಒಂದು ಗಂಟೆ ಹುಡುಕಿದೆವು. ಕೊನೆಗೆ ಅದು ಸಿಕ್ಕಿದ್ದು ಬೇಲಿಯಾಚೆ, ಜನ ನಾಯಿಗಳನ್ನು ಕರೆದುಕೊಂಡು ಓಡಾಡುವ ಕಾಲುದಾರಿಯ ಪಕ್ಕದ ಮೇಪಲ್ ಮರದಲ್ಲಿ. ನೆಲದಿಂದ ತೊಡೆಯೆತ್ತರಕ್ಕೆ ನೆಟ್ಟಿತ್ತು. ದಾರಿಯಲ್ಲಿ ಆಗ ಯಾರೂ ಇರಲಿಲ್ಲ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಮನುಷ್ಯನಿಗೆ ಎಷ್ಟು ನಿಮಿಷ ಉಳಿದಿರುತ್ತದೆ ಎಂಬುದನ್ನು ರೆಸಿಡೆನ್ಸಿಯ ರಾತ್ರಿಪಾಳಿಗಳಲ್ಲಿ ಕಣ್ಣಾರೆ ಕಂಡವರಿಗೆ ಆ ಮರದ ಮುಂದೆ ನಿಲ್ಲುವುದು ಸುಲಭವಾಗಿರಲಿಲ್ಲ. ಬಾಣವನ್ನು ಕಿತ್ತುಕೊಂಡು, ಮಾತಿಲ್ಲದೆ ಕಾರಿಗೆ ಬಂದೆವು. ಮನೆಯಲ್ಲಿ ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆವು. ಮೂರು ವಾರ ಬಿಲ್ಲು ಮುಟ್ಟಲಿಲ್ಲ.

ಕ್ಲಬ್ಬಿಗೆ ತಿಳಿಸಬೇಕಾಗಿತ್ತು, ತಿಳಿಸಿದೆವು. ಅಲ್ಲಿ ಒಬ್ಬ ಹಿರಿಯರಿದ್ದಾರೆ, ಕಾರು ಕಾರ್ಖಾನೆಯಿಂದ ನಿವೃತ್ತರಾದವರು. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಡಾಕ್, ಬಿಡುವ ಹೊತ್ತಿನಲ್ಲಿ ಬಾಣದ ತುದಿ ಎಲ್ಲಿತ್ತು?" ನಮಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಬಿಟ್ಟ ಸಾವಿರಾರು ಬಾಣಗಳಲ್ಲಿ ಒಂದರ ತುದಿಯನ್ನೂ ನಾವು ನೋಡಿರಲಿಲ್ಲ. "ಜಿಂಕೆಯ ಮೇಲೆಯೇ ಇತ್ತು. ಅಲ್ಲಿಗೆ ಇರುವುದು ಮೂವತ್ತು ಗಜ. ತುದಿ ಜಿಂಕೆಯ ಕಾಲಿಗಿಂತ ಕೆಳಗೆ, ಮಣ್ಣಿನ ಮೇಲೆ ಇರಬೇಕಾಗಿತ್ತು" ಎಂದರು.

ಹೊಡೆಯಬೇಕಾದದ್ದು ಜಿಂಕೆಯನ್ನು, ಬಾಣ ತೋರಿಸಬೇಕಾದದ್ದು ಮಣ್ಣನ್ನು! ಇದು ಹೇಗೆಂದು ಸ್ವಲ್ಪ ಹೇಳಬೇಕು. ಹೈಸ್ಕೂಲಿನ ಭೌತಶಾಸ್ತ್ರ ಸಾಕು, ಗಾಬರಿಯಾಗಬೇಡಿ.

ಹೆದೆ ಎಳೆದಾಗ ಬಾಣದ ಹಿಂತುದಿ ಬಾಯಿಯ ಮೂಲೆಯಲ್ಲಿರುತ್ತದೆ. ಕಣ್ಣು ಅದಕ್ಕಿಂತ ಮೂರು ಅಂಗುಲದಷ್ಟು ಮೇಲಿದೆ. ಆದ್ದರಿಂದ ಬಾಣದ ಮುಂದಿನ ತುದಿಯನ್ನು ಕಣ್ಣಿನ ನೇರಕ್ಕೆ ತಂದು ಗುರಿಯ ಮೇಲಿಟ್ಟರೆ, ಬಾಣ ವಾಸ್ತವವಾಗಿ ಆಕಾಶದ ಕಡೆ ಮುಖ ಮಾಡಿರುತ್ತದೆ. ಅದು ಮೊದಲು ನಮ್ಮ ದೃಷ್ಟಿಯ ಗೆರೆಯನ್ನು ದಾಟಿ ಮೇಲೇರುತ್ತದೆ, ಆಮೇಲೆ ಭೂಮಿಯ ಸೆಳೆತಕ್ಕೆ ಇಳಿಯುತ್ತದೆ. ನಮ್ಮ ಬಿಲ್ಲುಗಳಿಂದ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋಗುತ್ತದೆ. 20 ಗಜಕ್ಕೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಎರಡು ಅಡಿ ಇಳಿಯುತ್ತದೆ. ದೂರ ಎರಡರಷ್ಟಾದರೆ ಇಳಿತ ನಾಲ್ಕರಷ್ಟು. ಹೀಗೆ ಏರುತ್ತ ಇಳಿಯುತ್ತ, ನಮ್ಮ ಬಿಲ್ಲಿಗೆ 50 ಗಜದ ಹತ್ತಿರ, ತುದಿ ಎಲ್ಲಿದೆಯೋ ಅಲ್ಲಿಯೇ ಬಾಣ ನಾಟುತ್ತದೆ. ಅದಕ್ಕಿಂತ ಹತ್ತಿರದ ಯಾವ ಗುರಿಗೇ ಆಗಲಿ, ತುದಿಯನ್ನು ಗುರಿಯಿಂದ ಇಷ್ಟು ಅಡಿ ಕೆಳಗೆ ಹಿಡಿಯಬೇಕು. ಈ ಅಂತರಕ್ಕೆ ಗ್ಯಾಪ್ ಎಂದೇ ಹೆಸರು. ನಮ್ಮ ಲೆಕ್ಕದಲ್ಲಿ 10 ಗಜಕ್ಕೆ ಎರಡು ಅಡಿಗೆ ಸ್ವಲ್ಪ ಕಡಿಮೆ, 20ಕ್ಕೂ 30ಕ್ಕೂ ಹೆಚ್ಚುಕಡಿಮೆ ಎರಡೂಮುಕ್ಕಾಲು ಅಡಿ, 40ಕ್ಕೆ ಮತ್ತೆ ಎರಡರೊಳಗೆ. ನಡುವೆ ಹೆಚ್ಚಾಗಿ ಕೊನೆಗೆ ಕಡಿಮೆಯಾಗುವ ಈ ವಿಚಿತ್ರವನ್ನು ನಮ್ಮ ಗುಂಪಿನ ಇಂಜಿನಿಯರ್ ಗೆಳೆಯರು ಟಿಶ್ಯೂ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ ದಿನ ನಮಗೆಲ್ಲ ಜ್ಞಾನೋದಯವಾಯಿತು. ಅಂದು ಜಿಂಕೆಯನ್ನು 50 ಗಜವೆಂದು ನಂಬಿದ ಕೈ, ಬಾಣವನ್ನು ಮೂರಡಿ ಎತ್ತರಕ್ಕೆ ಕಳಿಸಿತ್ತು. ಅಷ್ಟೇ ನಡೆದದ್ದು.

ಇದು ಹೊಸ ವಿದ್ಯೆಯೇನಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೊರೇಸ್ ಫೋರ್ಡ್ ಎಂಬಾತ, ಕಿವಿಯವರೆಗೆ ಎಳೆಯುವ ಹಳೆಯ ಪದ್ಧತಿಯನ್ನು ಬಿಟ್ಟು, ಬಾಣ ಗುರಿ ನೋಡುವ ಕಣ್ಣಿನ ನೇರ ಕೆಳಗೇ ಇರಬೇಕೆಂದು ಪಟ್ಟು ಹಿಡಿದು, 1849ರಿಂದ 1859ರವರೆಗೆ ಸತತ ಹನ್ನೊಂದು ವರ್ಷ ಚಾಂಪಿಯನ್ ಆಗಿದ್ದ. ಅಮೆರಿಕದ ಹೊವಾರ್ಡ್ ಹಿಲ್ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಆತನ ಬಾಣಗಳನ್ನು ನೋಡಿರುತ್ತೀರಿ. 1938ರ ರಾಬಿನ್ ಹುಡ್ ಚಿತ್ರದಲ್ಲಿ ಎರಾಲ್ ಫ್ಲಿನ್ ಪಾತ್ರಕ್ಕಾಗಿ ಬಾಣ ಬಿಟ್ಟವನು ಆತ. ಅವನು ತನ್ನದನ್ನು ಒಡೆದ ದೃಷ್ಟಿ ಎಂಬರ್ಥದ ಹೆಸರಿನಿಂದ ಕರೆದ. ನೇರ ನೋಟ ಗುರಿಯ ಮೇಲೆ, ಓರೆ ಅರಿವು ಬಾಣದ ತುದಿಯ ಮೇಲೆ.

ಹೇಳಲು ಸುಲಭ. ಕಲಿಯುವಾಗ ನಮ್ಮ ಪಾಡು ಕೇಳಬೇಡಿ. ಮೊದಲ ತಿಂಗಳು ಮೊದಲಿಗಿಂತ ಕೆಟ್ಟದಾಗಿ ಹೊಡೆದೆವು. ಊರಿನಲ್ಲಿ ಪಾಸು ಮಾಡಿ, ರೋಗಿಗಳನ್ನು ನೋಡಿ, ಇಲ್ಲಿಗೆ ಬಂದು ಮತ್ತೆ ಇಂಟರ್ನ್ ಆದಾಗಿನ ಅನುಭವವೇ. ತುದಿಯನ್ನು ನೋಡಲು ಶುರುಮಾಡಿದೊಡನೆ ಇನ್ನೊಂದು ಕಾಟ ಬಂತು. ತುದಿ ಸರಿಯಾದ ಜಾಗಕ್ಕೆ ಬರುವ ಮುಂಚೆಯೇ ಬೆರಳುಗಳು ಹೆದೆಯನ್ನು ಬಿಟ್ಟುಬಿಡುತ್ತಿದ್ದವು. ಇಲ್ಲಿ ಇದಕ್ಕೆ ಟಾರ್ಗೆಟ್ ಪ್ಯಾನಿಕ್ ಎನ್ನುತ್ತಾರೆ. ಹಿರಿಯರ ಔಷಧಿ ವಿಚಿತ್ರವಾಗಿತ್ತು: ಗುರಿಯ ಕಾಗದವನ್ನೇ ಕಿತ್ತುಹಾಕಿ, ಮೆದೆಯ ಮುಂದೆ ಐದು ಅಡಿ ದೂರ ನಿಲ್ಲಿಸಿ, ಕಣ್ಣು ಮುಚ್ಚಿ ಬಾಣ ಬಿಡಿ ಎಂದರು. ಎರಡು ವಾರ ಹಾಗೆಯೇ ಮಾಡಿದೆವು. ನೋಡಿದವರಿಗೆ ನಾವು ಹರಕೆ ತೀರಿಸುತ್ತಿದ್ದಂತೆ ಕಂಡಿರಬೇಕು.

ಕಣ್ಣಿನದು ಇನ್ನೊಂದು ಪುರಾಣ. ನಲವತ್ತು ದಾಟಿದ ನಮಗೆಲ್ಲ ಚಾಳೀಸು ಬಂದಿದೆ. ಓದುವ ಭಾಗ, ದೂರದ ಭಾಗ ಎರಡೂ ಇರುವ ಕನ್ನಡಕ ಹಾಕಿ ತಲೆ ವಾಲಿಸಿದರೆ ಗುರಿಯೇ ಮಸುಕು. ದೂರದ ಕನ್ನಡಕ ಮಾತ್ರ ಹಾಕಿ, ತುದಿ ಮಸುಕಾಗಿದ್ದರೆ ಇರಲಿ, ಗುರಿ ಸ್ಪಷ್ಟವಾಗಿರಲಿ ಎಂದು ತೀರ್ಮಾನಿಸಿದೆವು. ಇನ್ನು, ಎರಡು ಕಣ್ಣುಗಳಲ್ಲಿ ಒಂದು ಯಜಮಾನ. ಎರಡೂ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ವಸ್ತುವನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ಯಜಮಾನ. ನಮ್ಮ ಗುಂಪಿನ ಒಬ್ಬ ಅಕ್ಕನವರದು ಬಲಗೈ, ಎಡಗಣ್ಣು. ಅವರ ಬಾಣಗಳೆಲ್ಲ ಎರಡು ವರ್ಷ ಎಡಕ್ಕೇ ಹೋಗುತ್ತಿದ್ದುದನ್ನು ನಾವು ಗಂಡಸರು ಅಭ್ಯಾಸ ಸಾಲದೆಂದು ವಿವರಿಸುತ್ತಿದ್ದೆವು. ಅವರು ಎಡಗೈ ಬಿಲ್ಲು ಕೊಂಡರು. ಈಗ ನಮ್ಮೆಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಾರೆ, ವಿವರಣೆಯನ್ನೂ ಅವರೇ ಕೊಡುತ್ತಾರೆ.

ನಮಗಿಂತ ಮುಂಚೆ ಒಬ್ಬ ಡಾಕ್ಟರು ಹೀಗೆಯೇ ಪಾಡು ಪಟ್ಟಿದ್ದರೆಂಬುದು ನಮಗೊಂದು ಸಮಾಧಾನ. 1911ರಲ್ಲಿ ಕ್ಯಾಲಿಫೋರ್ನಿಯಾದ ಯಾಹಿ ಜನಾಂಗದ ಕೊನೆಯವನಾದ ಇಶಿ ಒಬ್ಬಂಟಿಯಾಗಿ ಊರಿಗೆ ಬಂದ. ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಗೆ ಚಿಕಿತ್ಸೆ ಕೊಟ್ಟರು, ಅವನಿಂದ ಬಿಲ್ಲು ಕಲಿತರು. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬರೆದ ಪುಸ್ತಕವನ್ನು ಇಂದಿಗೂ ಬಿಲ್ಲುಗಾರರು ಓದುತ್ತಾರೆ. ಇಶಿ ಹೆದೆ ಎಳೆಯುತ್ತಿದ್ದುದು ಹೆಬ್ಬೆರಳಿನಿಂದ, ಪೋಪ್ ಮೂರು ಬೆರಳುಗಳಿಂದ. ಮಂಗೋಲರೂ ತುರ್ಕರೂ ಹೆಬ್ಬೆರಳಿನವರೇ. ದ್ರೋಣರು ಏಕಲವ್ಯನಿಂದ ಆ ಬೆರಳನ್ನೇ ಏಕೆ ಕೇಳಿದರೆಂಬುದು ಹೆದೆ ಎಳೆದು ನೋಡಿದ ಮೇಲೆ ಚೆನ್ನಾಗಿ ತಿಳಿಯುತ್ತದೆ.

ಪುರಾಣಕ್ಕೆ ಬಂದದ್ದರಿಂದ ಹೇಳಿಬಿಡುತ್ತೇವೆ. ಗ್ಯಾಪಿನ ಪುಸ್ತಕ ಬರೆಯುತ್ತ ಕೂತಿದ್ದಾಗ ಮನೆಯ ಮಗಳು ಕೇಳಿದಳು: "ಅಪ್ಪಾ, ಅರ್ಜುನ ಹಕ್ಕಿಯಿಂದ ಎಷ್ಟು ಗಜ ದೂರ ನಿಂತಿದ್ದ?" ಉತ್ತರ ಕೊಡಲಾಗಲಿಲ್ಲ. "ಮೀನು ಹೊಡೆಯುವಾಗ ಮಾತ್ರ ಕೆಳಗೆ ನೀರು ನೋಡಿದ್ದನಲ್ಲ, ಅದು ನಿಮ್ಮದರ ಹಾಗೇ ಇದೆ" ಎಂದಳು. ಹರಿಕಥೆಗಳಲ್ಲಿ ಎಷ್ಟು ಸಲ ಕೇಳಿದ್ದೆವೋ, ನಮಗೆ ಹೊಳೆದಿರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಅದೇ ಕಾಡಿಗೆ ಮತ್ತೆ ಹೋದೆವು. ದಿಬ್ಬದ ಹಿಂದೆ ಕ್ಲಬ್ಬಿನವರು ಈಗ ದಪ್ಪ ಬಲೆ ಕಟ್ಟಿದ್ದಾರೆ. ಅರ್ಧ ಖರ್ಚು ನಮ್ಮದು. ಮೊದಲು ಒಬ್ಬರು ಕಾಲುದಾರಿಯವರೆಗೆ ಹೋಗಿ ನೋಡಿ ಬಂದರು. ನಂತರ ಜಿಂಕೆಯ ಮುಂದೆ ನಿಂತು ಮನಸ್ಸಿನಲ್ಲೇ ಹತ್ತು ಹತ್ತು ಗಜ ಅಳೆದು, ಮೂವತ್ತು ಎಂದುಕೊಂಡು, ತುದಿಯನ್ನು ಮಣ್ಣಿನ ಮೇಲೆ ಹಿಡಿದೆವು. ಕೈ ನಡುಗುತ್ತಿತ್ತು. ಒಮ್ಮೆ ಎಳೆದು ಬಿಡದೆ ಇಳಿಸಿದೆವು, ಎರಡನೆಯ ಸಲವೂ ಇಳಿಸಿದೆವು. ಮೂರನೆಯ ಸಲ ಬಿಟ್ಟ ಬಾಣ ಜಿಂಕೆಯ ಮುಂಗಾಲಿಗೆ ನಾಟಿತು. ಅಂಕ ಸಿಗುವ ಜಾಗವಲ್ಲ. ಹಿರಿಯರು ದುರ್ಬೀನಿನಲ್ಲಿ ನೋಡಿ, "ಡಾಕ್, ತುದಿ ಎಲ್ಲಿತ್ತು?" ಎಂದರು. ಕಾಲಿನ ಎಡಗಡೆಯ ಬಿಳಿ ಕಲ್ಲಿನ ಮೇಲೆ ಎಂದು ಹೇಳಿದೆವು.

ಆಸಕ್ತಿ ಇದ್ದವರು ಭಾನುವಾರ ಹತ್ತು ಗಂಟೆಗೆ ಬನ್ನಿ, ನಮ್ಮಲ್ಲಿ ಹಗುರವಾದ ಎರಡು ಬಿಲ್ಲು ಹೆಚ್ಚಿಗೆ ಇವೆ. ಹೆಂಗಸರು ದುಪಟ್ಟಾ, ಕರಿಮಣಿ ಸರಗಳನ್ನು ಒಳಗೆ ಸೇರಿಸಿಕೊಂಡಿರಬೇಕು, ಹೆದೆಗೆ ಸಿಕ್ಕಿಕೊಳ್ಳುತ್ತವೆ. ಬಿಸಿಬೇಳೆಭಾತು ಆರುತ್ತಿದೆ ಎಂದು ಅಡಿಗೆಮನೆಯಿಂದ ಸನ್ನೆ ಬರುತ್ತಿದೆ.