ಆರಿಸಿದ ಮೇಲೂ ಹರಿಯುವ ವಿದ್ಯುತ್ತು



ಚೆನ್ನೈನ ಮನೆಗಳಲ್ಲಿ ರಾತ್ರಿ ಟಿ.ವಿ.ಯನ್ನು ರಿಮೋಟಿನಿಂದ ಆರಿಸಿ ಎಲ್ಲರೂ ಮಲಗುತ್ತಾರೆ. ಪರದೆ ಕಪ್ಪಾಗುತ್ತದೆ, ಕೆಳಗಿನ ಸೆಟ್‌ಟಾಪ್ ಬಾಕ್ಸಿನ ಕೆಂಪು ದೀಪ ಮಾತ್ರ ಬೆಳಗಿನವರೆಗೂ ಉಳಿಯುತ್ತದೆ. ಆ ದೀಪಕ್ಕೆ ತಗಲುವ ವಿದ್ಯುತ್ತು ಅತ್ಯಲ್ಪ. ಆದರೆ ಹಲವು ಬಾಕ್ಸುಗಳಲ್ಲಿ ರಿಮೋಟಿನ ಗುಂಡಿ ಚಿತ್ರವನ್ನಷ್ಟೇ ನಿಲ್ಲಿಸುತ್ತದೆ. ಒಳಗಿನ ಯಂತ್ರ ಮೊದಲಿನಂತೆಯೇ ನಡೆಯುತ್ತಿರುತ್ತದೆ. ಮುಂಜಾನೆ ಅದರ ಮೇಲೆ ಕೈಯಿಟ್ಟರೆ ತಗಲುವ ಬಿಸಿಯೇ ಸಾಕ್ಷಿ.

ಹತ್ತು ವ್ಯಾಟ್ ಎಳೆಯುವ ಬಾಕ್ಸು 60 ದಿನಗಳಲ್ಲಿ 14.4 ಯೂನಿಟ್ ನುಂಗುತ್ತದೆ. ಏ.ಸಿ.ಯ ಸ್ಟೆಬಿಲೈಸರ್ ಐದು ವ್ಯಾಟ್ ಎಳೆದರೂ ಇನ್ನು ಏಳು ಯೂನಿಟ್. ಇಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಾರರು. ಆದರೆ ತಮಿಳುನಾಡಿನಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಮತ್ತು 500 ಯೂನಿಟ್ಟಿನ ಗಡಿ ದಾಟಿದರೆ ಕೆಳಗಿನ ಹಂತದ ರಿಯಾಯಿತಿಯೂ ಕೈತಪ್ಪುತ್ತದೆ. 2022ರ ಸೆಪ್ಟೆಂಬರಿನ ದರಪಟ್ಟಿಯಂತೆ 490 ಯೂನಿಟ್ ಬಳಸಿದ ಮನೆಗೆ ವಿದ್ಯುತ್ತಿನ ಬಾಬ್ತು 1665 ರೂಪಾಯಿ; 510 ಬಳಸಿದ ಮನೆಗೆ 2030. ಇಪ್ಪತ್ತು ಯೂನಿಟ್ಟಿಗೆ 365 ರೂಪಾಯಿ! ಯಾರೂ ನೋಡದ ಬಾಕ್ಸು, ತಂಪು ನೀಡದ ಸ್ಟೆಬಿಲೈಸರ್ ಇವೆರಡೇ ಒಂದು ಕುಟುಂಬವನ್ನು ಆ ಗಡಿಯಾಚೆ ನೂಕಬಲ್ಲವು.

ಹಣದ ಮಾತು ಹಾಗಿರಲಿ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು. ವಿದ್ಯುತ್ತು ಸಜೀವವೋ ನಿರ್ಜೀವವೋ ಎಂಬ ಚರ್ಚೆ ಇಲ್ಲಿ ಬೇಕಿಲ್ಲ. ಉತ್ತರ ಚೆನ್ನೈಯಲ್ಲಿ ಕಲ್ಲಿದ್ದಲು ಉರಿಯುವುದಂತೂ ನಿಜವಾದ ಬೆಂಕಿಯೇ. ಉತ್ತರ ಚೆನ್ನೈ ಉಷ್ಣ ವಿದ್ಯುತ್ ಸ್ಥಾವರದಿಂದ ಸೋರಿದ ಹಾರುಬೂದಿ ಎಣ್ಣೂರಿನ ಅಳಿವೆಯಲ್ಲಿ, ಕೊಸಸ್ತಲೈಯಾರ್ ನದಿಯಲ್ಲಿ ಮಡುಗಟ್ಟಿದೆ. ಅಲ್ಲಿನ ಬೆಸ್ತರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಸಂಜೆಗೆ ಮೊದಲೇ ಉಂಡು ಮುಗಿಸುವ, ನೀರು ಸೋಸಿ ಕುಡಿಯುವ ಮನೆಗಳಲ್ಲಿ ಸ್ವಿಚ್ಚಿನ ವಿಷಯದಲ್ಲಿ ಮಾತ್ರ ಈ ಎಚ್ಚರ ಏಕೆ ಮಾಯವಾಗುತ್ತದೆ?

ಒಂದು ಕಾರಣವನ್ನು ಬಡಗಿಯಲ್ಲಿ ಹುಡುಕಬೇಕು! ಅಮೆರಿಕದ ಗೋಡೆಗಳಲ್ಲಿ ಪ್ಲಗ್ಗಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ. ಇಲ್ಲಿ ಪ್ರತಿ ಪ್ಲಗ್ಗಿಗೂ ಉಂಟು. ಆದರೆ ಟಿ.ವಿ.ಯ ಶೋಕೇಸು ಅದನ್ನು ಮರೆಮಾಡುತ್ತದೆ. ಸ್ವಿಚ್ಚುಳ್ಳ ಎಕ್ಸ್‌ಟೆನ್ಷನ್ ಬೋರ್ಡೊಂದನ್ನು ಕೈಗೆಟುಕುವಲ್ಲಿಟ್ಟರೆ ಸಾಕು. ಬೆಳಗ್ಗೆ ಬಾಕ್ಸು ಮತ್ತೆ ಸಿದ್ಧವಾಗಲು ಕೆಲವು ನಿಮಿಷ ಕಾಯಬೇಕಾದೀತು, ಅಷ್ಟೆ. ಏ.ಸಿ. ಬೇಡದ ತಿಂಗಳುಗಳಲ್ಲಿ ಅದರ ಸ್ಟೆಬಿಲೈಸರನ್ನು ಗೋಡೆಯಲ್ಲಿಯೇ ಆರಿಸಬಹುದು. ಫ್ರಿಜ್ಜಿಗೆ ಈ ಮಾತು ಸಲ್ಲದು. ಮೊಬೈಲು ಸಿಕ್ಕಿಸದ ಚಾರ್ಜರಿಗಾಗಿ ಮಕ್ಕಳನ್ನು ಗದರುವ ಹಿರಿಯರು ಬಹಳ. ಈಗಿನ ಚಾರ್ಜರುಗಳು ಹಾಗೆ ಎಳೆಯುವುದು ಅತ್ಯಲ್ಪ. ಗದರುವವರು ಮೊದಲು ಬಾಕ್ಸಿನತ್ತ ನೋಡುವುದು ಒಳ್ಳೆಯದು.

ಆದರೂ ಹೊಣೆಯೆಲ್ಲ ಗೃಹಸ್ಥನದೇ ಎನ್ನುವುದು ನ್ಯಾಯವಲ್ಲ. ಬಾಕ್ಸನ್ನು ಆಯ್ದವನು ಅವನಲ್ಲ. ಕೇಬಲ್‌ನವರೋ ಡಿಟಿಎಚ್‌ನವರೋ ತಂದು ಜೋಡಿಸಿದ್ದು. ತಮಿಳುನಾಡಿನಲ್ಲಿ ಸರ್ಕಾರವೇ ಅರಸು ಕೇಬಲ್ ನಿಗಮದ ಮೂಲಕ 2017ರಿಂದ ಉಚಿತವಾಗಿ ಬಾಕ್ಸು ಹಂಚಿತು. 2016ರಿಂದ ಎರಡು ತಿಂಗಳಿಗೆ 100 ಯೂನಿಟ್ ಉಚಿತ ವಿದ್ಯುತ್ತನ್ನು ಕೊಟ್ಟದ್ದೂ ಅದೇ ಸರ್ಕಾರ. ಬಾಕ್ಸಿಗೂ ಬೊಕ್ಕಸದ ಹಣ, ಅದು ನುಂಗುವ ವಿದ್ಯುತ್ತಿಗೂ ಬೊಕ್ಕಸದ ಹಣ. ಚುನಾವಣೆ ಬಂದಾಗ ಉಚಿತ ಯೂನಿಟ್ಟುಗಳ ಸಂಖ್ಯೆ ಹರಾಜಿನ ಕೂಗಿನಂತೆ ಏರುತ್ತದೆ. ಯಂತ್ರ ಎಷ್ಟು ಎಳೆಯಬೇಕೆಂದು ಯಾವ ವೇದಿಕೆಯಲ್ಲೂ ಕೇಳಿಬರುವುದಿಲ್ಲ. ಕಾಯುವ ಸ್ಥಿತಿಯಲ್ಲಿ ಯಾವ ಉಪಕರಣವೂ ಒಂದು ವ್ಯಾಟ್ ಮೀರಬಾರದೆಂಬ ಗುರಿಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿಯೇ ಮುಂದಿಟ್ಟಿತ್ತು. ಬಾಕ್ಸು ಕೊಳ್ಳುವ ಟೆಂಡರಿನಲ್ಲಿ ಆ ಒಂದು ಸಾಲು ಇರಲೇಬೇಕೆಂದು ಮತ ಕೇಳಲು ಬಂದವರನ್ನು ಒತ್ತಾಯಿಸಲು ಚೆನ್ನೈನ ಕನ್ನಡ ಜೈನರಿಗೆ ಯಾವ ಅಡ್ಡಿಯೂ ಇಲ್ಲ.